ಗುಡಿಯ ಹಿಂದೆ ಹೂತ ಅಂಗುಳ

ಹಲ್ಲುಗಳ ನಡುವೆ ಸಂದಿಯೇ ಇಲ್ಲವೆಂದು ನಂಬಿಕೊಂಡವನ ಬಾಯಲ್ಲಿ ಕಡಲೆಕಾಯಿ ಚೂರೊಂದು ಸಿಕ್ಕಿಕೊಂಡರೆ ಅದನ್ನು ಬರೀ ಕಡಲೆಕಾಯಿ ಎಂದು ತಿಳಿಯಬಾರದು. ಅದು ಮೇಲಿನವನು ಕಳಿಸಿದ ಓಲೆ. ಕೆತುತ್ ವಿದರ್ಸನಿಗೆ ಆ ಓಲೆ ಬಂದದ್ದು ಬೆಳಿಗ್ಗೆ ಏಳು ಗಂಟೆಗೆ, ಅವನ ಹಲ್ಲಿಗೆ ಅರ ಹಾಕುವ ಶಾಸ್ತ್ರಕ್ಕೆ ಸರಿಯಾಗಿ ಒಂದು ದಿನ ಉಳಿದಿರುವಾಗ.

ನಾಲಗೆಯಿಂದ ತಳ್ಳಿದ, ಹೋಗಲಿಲ್ಲ. ಉಗುರಿನಿಂದ ಕೆರೆದ, ಹೋಗಲಿಲ್ಲ. ಗೋಡೆಯ ಕನ್ನಡಿಗೆ ಮುಖ ಕೊಟ್ಟು ತುಟಿ ಎತ್ತಿ ನೋಡಿದ. ಮೇಲಿನ ಸಾಲಿನಲ್ಲಿ, ನಡುವಿನ ಹಲ್ಲಿನ ಎಡಕ್ಕಿದ್ದ ಹಲ್ಲು ಬಸ್ಸಿನಲ್ಲಿ ನಿದ್ದೆ ಹೋದ ಪ್ರಯಾಣಿಕನಂತೆ ಪಕ್ಕದವನ ಹೆಗಲಿಗೆ ಒರಗಿಕೊಂಡಿತ್ತು. ಒರಗಿದ್ದು ಇವತ್ತು ನಿನ್ನೆಯಲ್ಲ. ತಿಂಗಳುಗಳಿಂದ ಒರಗುತ್ತಲೇ ಬಂದಿತ್ತು. ನೋಡಿಕೊಳ್ಳುವ ಧೈರ್ಯ ಇವನಿಗಿರಲಿಲ್ಲ, ಅಷ್ಟೆ.

ಅದೇ ಹೊತ್ತಿಗೆ ಫೋನು ಗುಣುಗುಟ್ಟಿತು. ಅವನು ಮದುವೆಯಾಗಬೇಕೆಂದಿದ್ದ ವರ್ಸಿಕಿ, ನಮ್ಮ ಕಡೆ ಹೆಣ್ಣು ತನ್ನವನನ್ನು ಕರೆಯುವಂತೆ ಬ್ಲಿ ಎಂದು ಕರೆದು ಬರೆದಿದ್ದಳು: "ಅಪ್ಪ ಅಮ್ಮನ ಜೊತೆ ನಾಲ್ಕು ಗಂಟೆಗೆ ಬರ್ತೀನಿ, ಬ್ಲಿ. ರಿಟೇನರ್ ತೆಗೆದಿಟ್ಟಿರಿ. ಹಲ್ಲು ಹೇಗೆ ಕೂತಿವೆ ನೋಡ್ಬೇಕು."

ವಿದರ್ಸ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಚಾಪೆಯ ಮೇಲೆ ಕುಸಿದ.

ಅವನ ಕಷ್ಟ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ವಿದರ್ಸ ಹೋಟೆಲಿಗೆ ಬಂದವರನ್ನು ಎದುರುಗೊಳ್ಳುವ ಕೆಲಸದವನು. ದಿನಕ್ಕೆ ಎಂಟು ಗಂಟೆ ನಗಬೇಕು. ಮೊದಲು ಅವನ ಹಲ್ಲುಗಳು ಕೋಳಿ ಅಂಕ ಮುಗಿದ ಮೇಲಿನ ಜನದಂತೆ ಒಂದರ ಮೇಲೊಂದು ಬಿದ್ದಿದ್ದವು. ಗಿಯಾನ್ಯಾರ್ ಪೇಟೆಯಲ್ಲಿ ಹಲ್ಲಿನ ಡಾಕ್ಟರಾಗಿದ್ದ ವರ್ಸಿಕಿ ಅವಕ್ಕೆ ಕ್ಲಿಪ್ಪು ಹಾಕಿ, ತಿಂಗಳಿಗೊಮ್ಮೆ ತಂತಿ ಬಿಗಿ ಮಾಡುತ್ತ ಎರಡು ವರ್ಷ ದುಡಿದಳು. ಅವಳು ಮಾತಾಡುತ್ತಿದ್ದಳು, ಇವನು ಬಾಯಿ ತೆರೆದುಕೊಂಡು, ಎರಡು ಕೆನ್ನೆಗೂ ಹತ್ತಿ ತುರುಕಿಸಿಕೊಂಡು, ಒಂದಕ್ಕೂ ಎದುರಾಡದೆ ಕೇಳುತ್ತಿದ್ದ. ಇಂಥ ಗಂಡಸು ಮತ್ತೆ ಸಿಗಲಾರನೆಂದು ಅವಳಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕ್ಲಿಪ್ಪು ಬಿಚ್ಚಿದ ದಿನ ಅವಳು ಗುಲಾಬಿ ಬಣ್ಣದ ಒಂದು ಸಾಮಾನನ್ನು ಅವನ ಅಂಗೈಯಲ್ಲಿಟ್ಟಳು. ಅಂಗುಳದ ಅಚ್ಚಿನಂತಿದ್ದ ಪ್ಲಾಸ್ಟಿಕ್ ತಟ್ಟೆ, ಮುಂದುಗಡೆ ಹಲ್ಲುಗಳನ್ನು ಹಿಡಿದುಕೊಳ್ಳಲು ಒಂದು ತಂತಿ. "ಹಲ್ಲಿಗೆ ನೆನಪು ಜಾಸ್ತಿ, ಬ್ಲಿ. ಹುಟ್ಟಿದ ಜಾಗಕ್ಕೆ ವಾಪಸ್ ಹೋಗೋಕೇ ನೋಡ್ತಿರ್ತವೆ. ಇದನ್ನ ದಿನಾ ರಾತ್ರಿ ಹಾಕ್ಕೊಂಡು ಮಲಗಿ. ನಿಮ್ಮ ಹತ್ರ ನಾನು ಕೇಳೋದು ಇದೊಂದೇ ಮಾತು," ಎಂದಿದ್ದಳು.

ಕೆಲವು ತಿಂಗಳು ಮಾತು ನಡೆಯಿತು. ಆಮೇಲೆ ವರ್ಸಿಕಿಗೆ ದೂರದ ಸುಂಬಾ ದ್ವೀಪದ ಆಸ್ಪತ್ರೆಗೆ ವರ್ಗವಾಯಿತು. ಅವಳು ಹಡಗು ಹತ್ತಿದ ವಾರವೇ, ಬಾವಿಕಟ್ಟೆಯ ಮೇಲೆ ಗ್ಲಾಸಿನಲ್ಲಿ ನೆನೆಹಾಕಿದ್ದ ರಿಟೇನರ್ ಮಾಯವಾಯಿತು. ಇಲಿಯೋ ನಾಯಿಯೋ ಹೊತ್ತುಕೊಂಡು ಹೋಯಿತೆಂದು ವಿದರ್ಸ ತಿಳಿದ. ರಾತ್ರಿ ಫೋನಿನಲ್ಲಿ ವರ್ಸಿಕಿ ಹಾಕಿಕೊಂಡಿರಾ ಎಂದು ಕೇಳಿದಾಗ ಹೂಂ ಅಂದ. ಮೊದಲ ದಿನ ನಾಚಿಕೆಯಿಂದ, ಎರಡನೆಯ ದಿನ ಭಯದಿಂದ, ಮೂರನೆಯ ದಿನದಿಂದ ಅಭ್ಯಾಸದಿಂದ. ಹೀಗೆ ಎಂಟು ತಿಂಗಳ ಹೂಂ ಕೂಡಿಬಿದ್ದಿತ್ತು. ಈಗ ಅವಳು ಸುಂಬಾದಿಂದ ವಾಪಸ್ ಬಂದಿದ್ದಳು.

ವರ್ಸಿಕಿ ಸುಳ್ಳನ್ನು ಸಹಿಸುವ ಹೆಣ್ಣಲ್ಲ. ಹಿಂದೊಮ್ಮೆ ನೋಡಲು ಬಂದಿದ್ದ ಗಂಡೊಬ್ಬ ತಾನು ಸಿಗರೇಟು ಮುಟ್ಟುವುದಿಲ್ಲ ಅಂದಾಗ ಅವನನ್ನು ದೀಪದ ಕಡೆಗೆ ತಿರುಗಿಸಿ, ಬಾಯಿ ತೆಗೆಸಿ ನೋಡಿ, ಕಾಫಿ ಬರುವ ಮೊದಲೇ ಎಬ್ಬಿಸಿ ಕಳಿಸಿದವಳು. ಅವಳ ಅಪ್ಪ ಪಾಕ್ ಮರ್ತ, ನಿವೃತ್ತ ಹೆಡ್‌ಮಾಸ್ಟರು, ಈ ಸಂಬಂಧಕ್ಕೆ ಎರಡು ವರ್ಷದಿಂದ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಒಬ್ಬಳೇ ಮಗಳು. ಅವಳನ್ನು ಮದುವೆಯಾದವನು ಅವರ ಮನೆಗೇ ಬಂದು, ಅವರ ಗುಡಿಗೇ ಕೈಮುಗಿದು ಬಾಳಬೇಕು. ನಾಲ್ಕನೆಯ ಮಗನಾದ ವಿದರ್ಸನಿಗೆ ಅದು ಭಾರವಲ್ಲ. ಭಾರವಾಗಿದ್ದದ್ದು ಇವತ್ತಿನ ನಾಲ್ಕು ಗಂಟೆ. ಅಪ್ಪನನ್ನು ಒಪ್ಪಿಸುವ ಕೆಲಸ ನಂದು, ಮಾತು ಉಳಿಸಿಕೊಳ್ಳುವ ಕೆಲಸ ನಿಮ್ಮದು ಎಂದು ವರ್ಸಿಕಿ ಯಾವತ್ತೋ ಹೇಳಿಯಾಗಿತ್ತು. ಅವಳ ಕಣ್ಣಿಗೆ ಆ ಹಲ್ಲು ಬಿದ್ದರೆ ಮದುವೆ ಅಲ್ಲಿಗೆ ಮುಗಿಯಿತು. ಇವತ್ತು ಹೇಗೋ ಬಾಯಿ ಮುಚ್ಚಿಕೊಂಡರೂ, ನಾಳೆ ಊರ ಮುಂದೆ ಮಲಗಿ ಬಾಯಿ ತೆರೆಯಲೇಬೇಕು.

ನಾಳೆಯ ಶಾಸ್ತ್ರ ತಪ್ಪಿಸುವಂಥದ್ದಲ್ಲ. ಮೇಲಿನ ಸಾಲಿನ ಆರು ಹಲ್ಲು ಅಂದರೆ ಆರು ಶತ್ರುಗಳು: ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ. ಅರ ಹಾಕಿ ಆರರ ಮೊನೆಯನ್ನೂ ಸಮ ಮಾಡಿದ ಮೇಲೇ ಮನುಷ್ಯ ಪೂರಾ ಮನುಷ್ಯ. ಇಲ್ಲದಿದ್ದರೆ ಸತ್ತು ಮೇಲೆ ಹೋದಾಗ ಹಿರಿಯರು ಇವನ ಗುರುತು ಹಿಡಿಯದೆ, ಯಾವುದೋ ಕೋರೆಹಲ್ಲಿನ ರಾಕ್ಷಸನೆಂದು ಬಾಗಿಲಲ್ಲೇ ನಿಲ್ಲಿಸಿಬಿಡುತ್ತಾರೆ. ಅದಕ್ಕಾಗಿ ಹಿಂದಿನ ದಿನವೆಲ್ಲ ಉತ್ತರದ ಕೋಣೆಯಲ್ಲಿ ಒಬ್ಬನೇ ಕೂತಿರಬೇಕು. ಹೊಸ್ತಿಲು ದಾಟುವಂತಿಲ್ಲ, ಇಂಥ ಹೊತ್ತಿನಲ್ಲಿ ಕೆಟ್ಟ ಗಾಳಿಗೆ ಮನುಷ್ಯ ಸುಲಭದ ತುತ್ತು. ಬಚ್ಚಲಿಗೆ ಹೋಗುವುದಾದರೂ ತಲೆಯ ಮೇಲೆ ಹಳದಿ ಬಟ್ಟೆ, ಹಿಂದೆ ಒಬ್ಬ ಕಾವಲಿನವನು.

ಕಾವಲಿಗೆ ಕೂತಿದ್ದವನು ಪಕ್ಕದ ಮನೆಯ ಪಾನ್ ಸುಕಾರ್. ಅವನನ್ನು ಯಾರೂ ಕರೆದಿರಲಿಲ್ಲ. ಅಂಗಳದ ತುಂಬ ಊರಿನ ಜನ. ಹೆಂಗಸರು ತಾಳೆಗರಿ ಕತ್ತರಿಸಿ ಪೂಜೆಯ ಬುಟ್ಟಿ ಹೆಣೆಯುತ್ತಿದ್ದರು, ಗಂಡಸರು ಮಸಾಲೆ ಕೊಚ್ಚುತ್ತಿದ್ದರು. ಪಾನ್ ಸುಕಾರ್ ಮಾತ್ರ ಬಿದಿರು ಕಡ್ಡಿಗಳ ಕಟ್ಟೊಂದನ್ನು ತಂದು ಕೋಣೆಯ ಮೆಟ್ಟಿಲ ಮೇಲೆ ಕೂತು ಕೆತ್ತುವ ನೆಪದಲ್ಲಿ ಎಲ್ಲರ ಮನೆಯ ಸುದ್ದಿಯನ್ನೂ ಕೆತ್ತುತ್ತಿದ್ದ.

ಹತ್ತು ಗಂಟೆಗೆ ಅಜ್ಜಿ ಅನ್ನ ತಂದಳು. ಮನೆಯಲ್ಲೆಲ್ಲ ಅವಳನ್ನು ದಾದೊಂಗ್ ಎಂದೇ ಕರೆಯುವುದು. ವಿದರ್ಸ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಕೇಳಿದ.

"ದಾದೊಂಗ್, ಹೋದ ವರ್ಷ ಬಾವಿಕಟ್ಟೆ ಮೇಲೆ ಗ್ಲಾಸಲ್ಲಿ ನನ್ನದೊಂದು ಸಾಮಾನು ಇಟ್ಟಿದ್ದೆ. ನೀನೇನಾದ್ರೂ ನೋಡಿದ್ಯಾ?"

ಅಜ್ಜಿ ಬಾಗಿಲ ಕಡೆ ನೋಡಿದಳು. ಹತ್ತಿರ ಸರಿದು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದಳು. "ನಿನ್ನ ಅಂಗುಳಾನಾ?"

"ಏನು?"

"ಯಾರಿಗೂ ಹೇಳ್ಲಿಲ್ಲ ಕಣಪ್ಪ, ನಿಮ್ಮಮ್ಮಂಗೂ ಹೇಳ್ಲಿಲ್ಲ. ಲಗ್ನದ ವಯಸ್ಸಿನ ಹುಡುಗ. ಬಾಯೊಳಗಿಂದ ತುಂಡು ಕಳಚಿ ಬಿದ್ದಿದೆ ಅಂದ್ರೆ ಯಾರು ಹೆಣ್ಣು ಕೊಡ್ತಾರೆ? ಮತ್ತೆ ಬೆಳ್ಕೊಂಡಿತಲ್ಲ, ಅಷ್ಟು ಸಾಕು."

ಅಜ್ಜಿಯ ಲೆಕ್ಕದಲ್ಲಿ ಈಗಿನ ಹುಡುಗರ ಅಂಗುಳ ಹಲ್ಲಿಯ ಬಾಲದಂತೆ ಕಳಚಿ ಮತ್ತೆ ಬೆಳೆಯುವಂಥದ್ದು. ಕಳಚಿದ್ದನ್ನು ಎಲ್ಲೆಂದರಲ್ಲಿ ಎಸೆಯಲು ಅವಳೇನು ತಿಳಿಯದವಳೇ? ಹಲ್ಲಿಗೆ ಸೇರಿದ ವಸ್ತು ಹೋಗಬೇಕಾದ ಜಾಗ ಒಂದೇ. ಶಾಸ್ತ್ರದ ದಿನ ಉದುರುವ ಹಲ್ಲಿನ ಪುಡಿಯನ್ನು ಎಳನೀರಿನ ಚಿಪ್ಪಿನಲ್ಲಿ ಹಿಡಿದು ಹೂಳುತ್ತಾರಲ್ಲ, ಮನೆಯ ಈಶಾನ್ಯದ ಹಿರಿಯರ ಗುಡಿಯ ಹಿಂದೆ, ಅಲ್ಲಿಗೆ. ಅಜ್ಜಿ ಹೂವಿಟ್ಟು, ಊದಿನಕಡ್ಡಿ ಹಚ್ಚಿ, ಅಂಗುಳವನ್ನು ಹಿರಿಯರಿಗೆ ಒಪ್ಪಿಸಿಬಂದಿದ್ದಳು.

ವಿದರ್ಸನಿಗೆ ಒಂದು ಕಡೆ ಎದೆ ಬಿರಿಯಿತು, ಇನ್ನೊಂದು ಕಡೆ ಆಸೆ ಚಿಗುರಿತು. ಸಿಕ್ಕರೆ ತೊಳೆದು ಹಾಕಿಕೊಂಡು ನಾಲ್ಕು ಗಂಟೆಯವರೆಗೂ ಕಚ್ಚಿ ಹಿಡಿದರೆ ಆ ಹಲ್ಲು ನಾಚಿಕೊಂಡಾದರೂ ಜಾಗಕ್ಕೆ ಸರಿಯಲಾರದೇ? ಎಂಟು ತಿಂಗಳ ಪಾಪವನ್ನು ಐದು ಗಂಟೆಯಲ್ಲಿ ತೊಳೆಯುವ ಆಸೆ. ಭಯಬಿದ್ದವನ ಗಣಿತ ಹಾಗೇ ಇರುತ್ತದೆ.

ಊಟದ ಚಮಚವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಳದಿ ಬಟ್ಟೆ ಹೊದ್ದು, ಹೊಟ್ಟೆ ಕೆಟ್ಟಿದೆ ಎಂದು ಹೊರಬಂದ. ಪಾನ್ ಸುಕಾರ್ ಕಡ್ಡಿ ಬಿಟ್ಟು ಎದ್ದ. ಹೊಟ್ಟೆಯ ವಿಷಯ ಅವನಿಗೆ ಬಹಳ ಪ್ರಿಯವಾದದ್ದು. ಬಚ್ಚಲ ಬಾಗಿಲು ಹಾಕಿಕೊಂಡ ಮೇಲೂ ಹೊರಗೆ ಕುಕ್ಕರಗಾಲಲ್ಲಿ ಕೂತು, ಪೇರಲೆ ಚಿಗುರಿನ ಗುಣ, ಅರಿಸಿನದ ಗುಣ, ತನ್ನ ಭಾವನಿಗೆ ಒಂದು ಸಲ ಮೂರು ದಿನ ನಿಲ್ಲದೆ ಹೋದದ್ದು, ಎಲ್ಲವನ್ನೂ ಸಾವಕಾಶವಾಗಿ ಹೇಳತೊಡಗಿದ. ಒಳಗೆ ನಲ್ಲಿ ಸುರಿಯುತ್ತಿತ್ತು. ವಿದರ್ಸ ಹಿಂದಿನ ಗೋಡೆ ಹಾರಿ, ಓಣಿಯಲ್ಲಿ ಸುತ್ತು ಬಳಸಿ, ಗುಡಿಯ ಹಿಂದುಗಡೆ ಗೋಡೆ ಹತ್ತಿ ಒಳಕ್ಕೆ ಇಳಿದಾಗ ಪಾನ್ ಸುಕಾರನ ಭಾವ ಇನ್ನೂ ಎರಡನೆಯ ದಿನದಲ್ಲಿದ್ದ.

ಮೂರು ಬಾಗಿಲಿನ ಗುಡಿಯ ಬೆನ್ನಿಗೆ ಮಂಡಿಯೂರಿ ವಿದರ್ಸ ಮೊದಲು ಕೈಮುಗಿದ. ಹಿರಿಯರೇ, ತಪ್ಪಾಯಿತು, ನಿಮಗೆ ಬಾಯೂ ಇಲ್ಲ ಹಲ್ಲೂ ಇಲ್ಲ, ಇದರಿಂದ ನಿಮಗೇನೂ ಆಗಬೇಕಾದ್ದಿಲ್ಲ, ನನ್ನ ಮಾನ ಇದರಲ್ಲಿದೆ ಎಂದು ಬೇಡಿಕೊಂಡ. ಆಮೇಲೆ ಚಮಚದಿಂದ ಅಗೆದ. ಮೊದಲ ಗುಂಡಿಯಲ್ಲಿ ಹಿರಿಯಣ್ಣನ ಎಳನೀರು ಚಿಪ್ಪು ಸಿಕ್ಕಿತು. ಕಣ್ಣಿಗೊತ್ತಿಕೊಂಡು ಮುಚ್ಚಿದ. ಎರಡನೆಯದರಲ್ಲಿ ಬೇರು. ಮೂರನೆಯದರಲ್ಲಿ, ಊದಿನಕಡ್ಡಿಯ ಬುಡಗಳ ಕೆಳಗೆ, ಕೆಂಪಿರುವೆಗಳ ಸಂಸಾರ ಸಮೇತ ಗುಲಾಬಿ ಅಂಗುಳ ಹೊಳೆಯಿತು.

ಇರುವೆಗಳನ್ನು ಕೊಡವಿ, ಬಟ್ಟೆಗೆ ಒರೆಸಿ, ಹೂಕುಂಡದ ನೀರಿನಲ್ಲಿ ಅದ್ದಿ ಬಾಯಿಗೆ ಇಟ್ಟುಕೊಂಡ. ಕೂರಲಿಲ್ಲ. ಹತ್ತು ವರ್ಷದ ಹುಡುಗನ ಅಂಗಿಯನ್ನು ಮೂವತ್ತರವನು ತೊಟ್ಟಂತೆ ಒಂದು ಕಡೆ ಹೋದರೆ ಇನ್ನೊಂದು ಕಡೆ ಬರುತ್ತಿತ್ತು. ಕಣ್ಣು ಮುಚ್ಚಿ, ಎರಡು ಹೆಬ್ಬೆರಳನ್ನೂ ಕೊಟ್ಟು, ಹಿರಿಯರ ಹೆಸರು ಹೇಳಿ ಒತ್ತಿದ. ಕಟಕ್ಕೆಂದಿತು. ಹಿಂದಿನ ಕೊಕ್ಕೆ ದವಡೆಹಲ್ಲಿಗೆ ಕಚ್ಚಿಕೊಂಡಿತು, ಮುಂದಿನ ತಂತಿ ತುಟಿಯ ಆಚೆಗೆ ಎದ್ದು ನಿಂತಿತು. ಇನ್ನು ಒಳಗೂ ಹೋಗದು, ಹೊರಗೂ ಬಾರದು. ಬಾಯಿ ಮುಚ್ಚಲಾಗಲಿಲ್ಲ. ಜೊಲ್ಲು ಸುರಿಯಿತು.

ಅಷ್ಟರಲ್ಲಿ ಮೂರನೆಯ ದಿನದ ಕತೆಯನ್ನೂ ಮುಗಿಸಿದ ಪಾನ್ ಸುಕಾರ್ ಒಳಗಿನಿಂದ ಹೂಂಗುಟ್ಟುವವರಿಲ್ಲದ್ದನ್ನು ಗಮನಿಸಿ, ಬಾಗಿಲು ತಳ್ಳಿ ನೋಡಿ, ಹುಡುಗ ಕಾಣೆಯಾದನೆಂದು ಅಂಗಳವನ್ನೆಲ್ಲ ಎಬ್ಬಿಸಿದ್ದ. ಗುಡಿಯ ಹಿಂದೆ ಹಳದಿ ಬಟ್ಟೆ ಕಂಡಿತು. ಮೊದಲು ಬಂದವನೂ ಅವನೇ. ಅವನಿಗೆ ಕಂಡದ್ದು ಇಷ್ಟು: ತಲೆಯ ಮೇಲೆ ಮುಸುಕು, ಮೊಣಕೈವರೆಗೆ ಮಣ್ಣು, ಕೆಂಪಾದ ಕಣ್ಣು, ತುಟಿಗಳ ನಡುವೆ ಬಿಸಿಲಿಗೆ ಫಳಫಳಿಸುವ ಏನೋ. ನಾನೇ, ಪಾನ್ ಸುಕಾರ್, ಎಂದು ವಿದರ್ಸ ಹೇಳಹೊರಟ. ಹೊರಟದ್ದು ಕೆಸರಿನಲ್ಲಿ ಹೂತ ಎಮ್ಮೆಯ ದನಿ.

ಪಾನ್ ಸುಕಾರ್ ಅಲ್ಲೇ ಮಂಡಿಯೂರಿ ಕೈಮುಗಿದ. "ಯಾರು ಬಂದಿದ್ದೀರಿ? ದೊಡ್ಡಜ್ಜನವರಾ?"

ಮೈಮೇಲೆ ಹಿರಿಯರು ಬರುವುದು ನಮ್ಮ ಕಡೆ ಯಾರೂ ಓಡಿಹೋಗುವಂಥ ವಿಷಯವಲ್ಲ. ಬಂದವರನ್ನು ಕೂರಿಸಿ, ಏನು ಬೇಕೆಂದು ಕೇಳಿ ಕಳಿಸುವುದು ಮರ್ಯಾದೆ. ಎರಡು ನಿಮಿಷದಲ್ಲಿ ಮಸಾಲೆ ಕೊಚ್ಚುತ್ತಿದ್ದವರು, ಗರಿ ಹೆಣೆಯುತ್ತಿದ್ದವರು ಎಲ್ಲ ಬಂದು ಗುಡಿಯ ಸುತ್ತ ಕೂತರು. ಅಮ್ಮ ಕಣ್ಣೊರೆಸಿಕೊಂಡು ಊದಿನಕಡ್ಡಿ ಹಚ್ಚಿದಳು. ಅನ್ನದಲ್ಲಿ ಕೊರತೆಯಾಯಿತೇ, ಹೂವಿನಲ್ಲಿ ಲೋಪವಾಯಿತೇ, ಒಂದು ಲೋಟ ಶೇಂದಿ ಬೇಕೇ ಎಂದು ಒಬ್ಬೊಬ್ಬರೂ ವಿನಯದಿಂದ ಕೇಳಿದರು. ವಿದರ್ಸ ಎಲ್ಲದಕ್ಕೂ ತಲೆಯಲ್ಲಾಡಿಸಿದ. ಅಲ್ಲಾಡಿಸಿದಷ್ಟೂ ತಂತಿ ಹೊಳೆಯಿತು, ಜನ ಬಗ್ಗಿ ನಮಸ್ಕರಿಸಿದರು.

ಪಾನ್ ಸುಕಾರ್ ಸಮಯ ಬಿಡುವವನಲ್ಲ. "ದೊಡ್ಡಜ್ಜನವರೇ, ಬಂದಿದ್ದೇ ಬಂದಿದ್ದೀರಿ, ಆ ಗೋಡೆ ಹತ್ರದ ತೆಂಗಿನ ಮರ ನಿಮ್ಮದೋ ನಮ್ಮದೋ ಹೇಳಿಬಿಡಿ. ಸಾಕ್ಷಿಗೆ ಎಲ್ಲಾರೂ ಇದ್ದಾರೆ."

"ನಮ್ಮದೇ. ಅದರಲ್ಲಿ ಅವರನ್ನ ಕೇಳೋದೇನು?" ಎಂದು ಹಿಂದಿನಿಂದ ಅಮ್ಮ, ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ, ಹೇಳಿದಳು.

ಅಷ್ಟರಲ್ಲಿ ಗುಡಿಯ ಪೂಜಾರಿ ಬಂದರು. ಎಪ್ಪತ್ತು ದಾಟಿದ ಬಿಳಿಯುಡುಗೆಯ ಹಿರಿಯರು. ಊರೆಲ್ಲ ಅವರನ್ನು ಜೆರೊ ಎನ್ನುತ್ತದೆ. ನಾಳೆ ವಿದರ್ಸನ ಹಲ್ಲಿಗೆ ಅರ ಹಾಕುವವರೂ ಅವರೇ. ಅವರು ಏನೂ ಕೇಳಲಿಲ್ಲ. ಹೂವಿನಿಂದ ತೀರ್ಥವನ್ನು ಮೂರು ಸಲ ಮುಖಕ್ಕೆ ಚಿಮುಕಿಸಿ ಕಾದರು. ತಣ್ಣನೆಯ ನೀರು ಬಿದ್ದಾಗ ವಿದರ್ಸನಿಗೆ ಒಂದು ಚೂರು ಧೈರ್ಯ ಬಂತು. ಎರಡೂ ಕೈ ಬಾಯಿಗೆ ಹಾಕಿ, ಗದ್ದೆಯಿಂದ ನೇಗಿಲು ಕಿತ್ತಂತೆ ಕಿತ್ತ. ಬಂತು. ಜೊತೆಗೆ ಕಣ್ಣೀರೂ ನಾಲ್ಕು ಹನಿ ರಕ್ತವೂ ಬಂದವು.

ಅಂಗೈಯಲ್ಲಿ ಗುಲಾಬಿ ಅಂಗುಳ. ಕಾಲ ಬಳಿ ಗುಂಡಿ. ಸುತ್ತ ನಲವತ್ತು ಜನ.

"ತುತ್," ಎಂದರು ಜೆರೊ ಮೆಲ್ಲಗೆ, ಅವನು ಚಿಕ್ಕವನಾಗಿದ್ದಾಗಿನ ಹೆಸರಿನಿಂದ. "ಏನಪ್ಪಾ ಮಾಡ್ತಿದ್ದೀಯ?"

ತೆಗೆಯುತ್ತಿದ್ದೇನೆ ಎನ್ನಬಹುದಿತ್ತು. ಅದು ಸತ್ಯ. ಆದರೆ ಹಿರಿಯರಿಗೆ ಒಪ್ಪಿಸಿದ್ದನ್ನು ಅಗೆದು ತೆಗೆಯುವುದು ಕಳ್ಳತನಕ್ಕಿಂತ ಹೀನ. ಶಾಸ್ತ್ರ ನಿಲ್ಲುತ್ತದೆ, ಶುದ್ಧಿಗೆ ಒಂದು ತಿಂಗಳು ಹಿಡಿಯುತ್ತದೆ, ಯಾಕೆ ತೆಗೆದೆ ಎಂಬ ಪ್ರಶ್ನೆ ನಾಲ್ಕು ಗಂಟೆಗೆ ಬರುವವರ ಕಿವಿಗೂ ಬೀಳುತ್ತದೆ. ಎಂಟು ತಿಂಗಳಿಂದ ರಾತ್ರಿ ರಾತ್ರಿ ಪಳಗಿದ ನಾಲಗೆ ಇವನನ್ನು ಕೇಳದೆಯೇ ಉತ್ತರ ಕೊಟ್ಟಿತು.

"ಹೂಳ್ತಿದ್ದೀನಿ, ಜೆರೊ."

"ಏನದು?"

"ಹಲ್ಲು ಚೆನ್ನಾಗಿ ಕಾಣ್ಲಿ ಅಂತ ಹಾಕ್ಕೊತಿದ್ದದ್ದು. ಇನ್ನು ಬೇಡ ಅನ್ನಿಸ್ತು."

ಜೆರೊ ಬಗ್ಗಿ ಅವನ ಅಂಗೈಯನ್ನು ನೋಡಿದರು. ಆಮೇಲೆ ಅವರ ಕಣ್ಣು ತೇವವಾದದ್ದನ್ನು ಎಲ್ಲರೂ ನೋಡಿದರು. "ಮೂವತ್ತು ವರ್ಷದಿಂದ ಅರ ಹಾಕ್ತಿದ್ದೀನಿ," ಎಂದರು. "ಬರ್ತಾರೆ, ಮಲಗ್ತಾರೆ, ಎದ್ದು ಫೋಟೋ ತೆಗಿಸ್ಕೊಂಡು ಹೋಗ್ತಾರೆ. ನನ್ನ ಅರ ಮುಟ್ಟೋಕೆ ಮುಂಚೆ ತನ್ನ ಮದಾನ ತಾನೇ ಬಾಯಿಂದ ಕಿತ್ತು ತಂದವನನ್ನ ನೋಡಿರ್ಲಿಲ್ಲ."

"ರಕ್ತ ಬಂತು. ನಾನೇ ನೋಡ್ದೆ," ಎಂದ ಪಾನ್ ಸುಕಾರ್.

ಆಮೇಲೆ ನಡೆದದ್ದನ್ನು ತಡೆಯಲು ವಿದರ್ಸನಿಂದ ಆಗಲಿಲ್ಲ. ಚಮಚದ ಗುಂಡಿ ಸಾಲದೆಂದು ಗುದ್ದಲಿ ಬಂತು. ಮೊಣಕೈ ಆಳಕ್ಕೆ ಅಗೆದರು. ಎಂಟು ತಿಂಗಳ ಮೇಲೆ ಅಗೆದು, ಇರುವೆ ಕಚ್ಚಿಸಿಕೊಂಡು ಪಡೆದದ್ದನ್ನು ವಿದರ್ಸ ತನ್ನ ಕೈಯಾರೆ ಎಲೆಯಲ್ಲಿ ಸುತ್ತಿ ಕೆಳಗಿಟ್ಟ. ಜೆರೊ ಮಂತ್ರ ಹೇಳಿದರು. ನಲವತ್ತು ಜನವೂ ಒಂದೊಂದು ಹಿಡಿ ಮಣ್ಣು, ಒಂದೊಂದು ಹೂವು ಹಾಕಿದರು. ಮೇಲೆ ಚಪ್ಪಡಿ ಕಲ್ಲು ಎಳೆದರು. ಅಜ್ಜಿ ಮಾತ್ರ ಪಕ್ಕಕ್ಕೆ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು. "ನಾನೂ ಆಳಕ್ಕೇ ಹೂತಿದ್ದೆನಲ್ಲೋ. ಮೇಲಕ್ಕೆ ಹೇಗೆ ಬಂತು?"

ಮೂರೂವರೆ ಗಂಟೆಗೆ ವಿದರ್ಸ ಮತ್ತೆ ಉತ್ತರದ ಕೋಣೆಯಲ್ಲಿದ್ದ. ತುಟಿ ತೆರೆಯದೆ ನಗುವುದನ್ನು ಕನ್ನಡಿಯ ಮುಂದೆ ಕಲಿಯುತ್ತಿದ್ದ. ಮೊದಲ ನಗೆ ಹೊಟ್ಟೆನೋವಿನಂತೆ ಕಂಡಿತು, ಎರಡನೆಯದು ಪಾನ್ ಸುಕಾರನ ಭಾವನಂತೆ. ಎಲ್ಲವನ್ನೂ ಹೇಳಿ ಕಾಲು ಹಿಡಿದುಬಿಡಲೇ ಅಂದುಕೊಂಡ. ಹಿಡಿದರೆ ಎದ್ದು ಹೋಗುತ್ತಾಳೆ. ಹಿಡಿಯದಿದ್ದರೆ ನೋಡಿ ಎದ್ದು ಹೋಗುತ್ತಾಳೆ. ಹಲ್ಲುಗಳನ್ನು ನಾಲಗೆಯಿಂದ ಒಂದೊಂದಾಗಿ ಎಣಿಸಿದ. ಇದರಲ್ಲಿ ಯಾವ ಶತ್ರು ಓರೆಯಾಗಿದ್ದಾನೋ ತಿಳಿಯಲಿಲ್ಲ. ಆರರಲ್ಲಿ ಸುಳ್ಳಿನ ಹೆಸರಿಲ್ಲವೆಂಬುದು ಮಾತ್ರ ಹೊಳೆದು, ಹಾಗಾದರೆ ಅದನ್ನು ಯಾವ ಅರದಿಂದ ತೇಯುತ್ತಾರೋ ಎಂದು ಇನ್ನಷ್ಟು ಬೆವರಿದ.

ನಾಲ್ಕಕ್ಕೆ ಸರಿಯಾಗಿ ಕಾರು ನಿಂತ ಸದ್ದಾಯಿತು. ಹೆಬ್ಬಾಗಿಲಲ್ಲಿ ಅವರನ್ನು ಎದುರುಗೊಂಡವನು ಪಾನ್ ಸುಕಾರ್. ಕಾಫಿಗಿಂತ ಮೊದಲು ಕತೆ ಬಡಿಸಿದ. ಹೆಬ್ಬಾಗಿಲಲ್ಲಿ ಹುಡುಗ ತಂತಿ ಕಿತ್ತುಹಾಕಿದ್ದ. ಅಂಗಳದ ನಡುವಿಗೆ ಬರುವಾಗ ಜೊತೆಗೆ ಒಂದು ಹಲ್ಲೂ ಕಿತ್ತುಬಂದಿತ್ತು. ಕೋಣೆಯ ಮೆಟ್ಟಿಲು ಮುಟ್ಟುವಾಗ ದೊಡ್ಡಜ್ಜ ಮೈಮೇಲೆ ಬಂದು, ಈ ಹುಡುಗನಂಥವನು ನಮ್ಮ ವಂಶದಲ್ಲೇ ಹುಟ್ಟಿಲ್ಲ ಎಂದು ಹೇಳಿಯಾಗಿತ್ತು. ತೆಂಗಿನ ಮರದ ವಿಷಯ ಮಾತ್ರ ಅವನು ಎತ್ತಲಿಲ್ಲ.

ಪಾಕ್ ಮರ್ತ ಹೊಸ್ತಿಲ ಆಚೆ ನಿಂತರು. ಹಿಂದೆ ಅವರ ಹೆಂಡತಿ, ಅವರ ಹಿಂದೆ ವರ್ಸಿಕಿ. ವಿದರ್ಸ ತಲೆ ಬಗ್ಗಿಸಿ ತುಟಿ ಬಿಗಿದ.

"ಎರಡು ವರ್ಷ ನಾನು ಯಾಕೆ ಮಾತಾಡ್ಲಿಲ್ಲ ಗೊತ್ತೇನಪ್ಪ?" ಎಂದರು ಪಾಕ್ ಮರ್ತ. "ಹಲ್ಲು ತೋರಿಸಿ ಸಂಬಳ ತಗೊಳ್ಳೋ ಹುಡುಗ, ಎರಡು ವರ್ಷ ಬಾಯಿಗೆ ಅಲಂಕಾರ ಮಾಡ್ಕೊಂಡವನು, ನಮ್ಮ ಗುಡಿ ಮುಂದೆ ಹೇಗೆ ಕೂತಾನು ಅಂತಿದ್ದೆ. ಇವತ್ತು ತಪ್ಪು ನಂದು ಅಂತ ಗೊತ್ತಾಯ್ತು. ಹೂಂ ಅಂತಿದ್ದೀನಿ. ಮಗಳನ್ನ ಕೊಡ್ತೀನಿ."

ಅಂಗಳದಲ್ಲಿದ್ದ ವಿದರ್ಸನ ಅಮ್ಮ ಅಳತೊಡಗಿದಳು. ವಿದರ್ಸನ ಎದೆಯ ಮೇಲಿನಿಂದ ಬಂಡೆ ಸರಿಯಿತು. ಸಂತೋಷಕ್ಕೆ ಅವನು ತುಟಿಯ ವಿಷಯ ಮರೆತು, ಹೋಟೆಲಿನಲ್ಲಿ ನಗುವಂತೆ ಪೂರಾ ನಕ್ಕುಬಿಟ್ಟ.

ಅಪ್ಪನ ಹೆಗಲ ಹಿಂದಿನಿಂದ ವರ್ಸಿಕಿ ನೋಡಿದಳು. ಅವಳಿಗೆ ದೀಪವೂ ಬೇಕಾಗಲಿಲ್ಲ.

"ಒಂದು ಮಾತು," ಎಂದರು ಪಾಕ್ ಮರ್ತ, ಮಗಳ ಕಡೆ ತಿರುಗದೆ. "ನಿನ್ನ ಕಸುಬಿಗೆ ನೊಂದ್ಕೋಬೇಡಮ್ಮ. ಇನ್ನು ಮೇಲೆ ಇವನ ಬಾಯಿಗೆ ತಂತಿ ಗಿಂತಿ ಏನೂ ಮುಟ್ಟಬಾರದು. ಹಿರಿಯರಿಗೆ ಒಪ್ಪಿಸಿ ಆಗಿದೆ. ಅಂಥದ್ದೇನಾದ್ರೂ ನನ್ನ ಕಣ್ಣಿಗೆ ಬಿದ್ರೆ ಈ ಮಾತು ಮುರಿದ ಹಾಗೆ." ಇಷ್ಟು ಹೇಳಿ, ಜೆರೊ ಕೂತಿದ್ದ ಕಡೆಗೆ ಕಾಫಿಗೆ ಹೋದರು.

ರಕ್ತ ನಿಂತಿದೆಯೋ ನೋಡುತ್ತೇನೆಂದು ಹೇಳಿ ವರ್ಸಿಕಿ ಉಳಿದುಕೊಂಡಳು. ಹೊಸ್ತಿಲ ಆಚೆ ಅವಳು, ಈಚೆ ಇವನು. ಬಾಯಿ ತೆಗೆಸಿದಳು. ಫೋನಿನ ಬೆಳಕು ಬಿಟ್ಟಳು. ಬಹಳ ಹೊತ್ತು ನೋಡಿದಳು. ಹಿಂದೆ ಎರಡು ವರ್ಷ ಮಾತಾಡುತ್ತಿದ್ದವಳು ಈಗ ಮಾತಾಡಲಿಲ್ಲ. ಅದೇ ವಿದರ್ಸನಿಗೆ ಹೆಚ್ಚು ನೋವಾಯಿತು.

"ಎಂಟು ತಿಂಗಳಾಗಿದೆ," ಎಂದಳು ಕೊನೆಗೆ.

"ಹೂಂ," ಎಂದ. ಎಂಟು ತಿಂಗಳಲ್ಲಿ ಅವನು ಹೇಳಿದ ಮೊದಲ ನಿಜವಾದ ಹೂಂ ಅದು.

"ದಿನಾ ರಾತ್ರಿ ಕೇಳ್ತಿದ್ದೆ."

"ಹೂಂ."

"ಇಷ್ಟು ಸುಳ್ಳಿಗೆ ನಾನು ಈಗ್ಲೇ ಎದ್ದು ಹೋಗ್ಬೇಕಿತ್ತು, ಬ್ಲಿ." ಅವಳು ಅಂಗಳದ ಕಡೆ ನೋಡಿದಳು. ಅಲ್ಲಿ ಅವಳ ಅಪ್ಪ ಜೆರೊ ಹೇಳಿದ ಯಾವುದೋ ಮಾತಿಗೆ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ಅವಳು ಕಂಡು ವರ್ಷಗಳಾಗಿದ್ದವು. "ಹೋದ್ರೆ ಅವರಿಗೆ ಕಾರಣ ಹೇಳ್ಬೇಕು. ಹೇಳೋಕೆ ನನ್ನ ಕೈಲಿ ಆಗಲ್ಲ."

ಅವಳು ಬೆಳಕು ಆರಿಸಿ, ಆಸ್ಪತ್ರೆಯ ದನಿಗೆ ಬಂದಳು. ಹಲ್ಲು ಇನ್ನೂ ಸರಿಯುತ್ತಿದೆ. ಬಿಟ್ಟರೆ ಪಕ್ಕದ್ದನ್ನೂ ಎಳೆದುಕೊಂಡು ಹೋಗುತ್ತದೆ. ನಾಳೆ ಅರ ಹಾಕಿದ ಮೇಲೆ ಅಳತೆ ತೆಗೆಯುತ್ತಾಳೆ. ತಂತಿ ಬೇಡ, ಗಾಜಿನಂತೆ ಕಾಣುವ ಅಚ್ಚು, ಹಲ್ಲಿನ ಮೇಲೆ ಕೂತರೆ ಯಾರಿಗೂ ತಿಳಿಯದು. ಹದಿನೈದು ದಿನಕ್ಕೊಂದು ಹೊಸದು, ಒಂದು ವರ್ಷ. ಹಗಲೂ ರಾತ್ರಿ ಹಾಕಿರಬೇಕು. ಉಣ್ಣುವಾಗ ಮಾತ್ರ ಕೈಯಿಂದ ಕಿತ್ತು ತೆಗೆದು, ಉಂಡು ತೊಳೆದು ಮತ್ತೆ ಹಾಕಿಕೊಳ್ಳಬೇಕು.

"ನಿಮ್ಮಪ್ಪ ನೋಡಿಬಿಟ್ರೆ?"

"ನೋಡಬಾರದು."

"ಏನಾದ್ರೂ ಇದೆಯಾ ಬಾಯಲ್ಲಿ ಅಂತ ಕೇಳಿದ್ರೆ?"

"ಇಲ್ಲ ಅನ್ನಿ," ಎಂದಳು ವರ್ಸಿಕಿ. "ದಿನಾ ಅನ್ನಿ. ನಿಮಗೆ ಅಭ್ಯಾಸ ಇದೆಯಲ್ಲ."

ಅವಳು ಹೋದ ಮೇಲೆ ವಿದರ್ಸ ಗೋಡೆಗೊರಗಿ ಕೂತ. ಹಾಕಿಕೊಳ್ಳದೆ ಹಾಕಿದ್ದೇನೆ ಎನ್ನುತ್ತಿದ್ದವನು ಇನ್ನು ಹಾಕಿಕೊಂಡು ಹಾಕಿಲ್ಲ ಎನ್ನಬೇಕು. ಆದರೂ ಮದುವೆ ಉಳಿಯಿತು. ಉಳಿದದ್ದನ್ನು ಹೇಗೋ ನಿಭಾಯಿಸಬಹುದು ಎಂದು ಸಮಾಧಾನ ಮಾಡಿಕೊಂಡ. ನಮ್ಮ ಮನೆಗಳಲ್ಲಿ ಜೊತೆಗೆ ಕೂತು ಉಣ್ಣುವ ವಾಡಿಕೆ ಇಲ್ಲ. ಹಸಿದವರು ಹಸಿದಾಗ ಅಡುಗೆಮನೆಗೆ ಹೋಗಿ, ತಮಗೆ ತಾವೇ ಹಾಕಿಕೊಂಡು, ಒಂದು ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಉಂಡು ಏಳುತ್ತಾರೆ. ಮೂಲೆ ಇದ್ದರೆ ಸಾಕು. ಅಚ್ಚು ತೆಗೆಯಲು ಒಂದು ಕ್ಷಣ, ಹಾಕಲು ಒಂದು ಕ್ಷಣ. ದೇವರು ಅಷ್ಟು ದಾರಿ ಬಿಟ್ಟಿದ್ದಾನಲ್ಲ.

ಹೊರಡುವ ಹೊತ್ತಿಗೆ ಪಾಕ್ ಮರ್ತ ಮತ್ತೆ ಹೊಸ್ತಿಲಿಗೆ ಬಂದರು. ಮುಖದಲ್ಲಿ ಒಂದು ಬಗೆಯ ಸಂಕೋಚ, ಹೆಡ್‌ಮಾಸ್ಟರಿಗೆ ಒಪ್ಪದಂಥದ್ದು. "ಮೂವತ್ತು ವರ್ಷ ಹಾಸ್ಟೆಲಿನ ಹುಡುಗರ ಜೊತೆ ಪಂಕ್ತಿಯಲ್ಲಿ ಕೂತು ಉಂಡವನು ನಾನು," ಎಂದರು. "ರಿಟೈರಾದ ಮೇಲೆ ಮೂಲೇಲಿ ಒಬ್ಬನೇ ಕೂತು ತಿನ್ನೋದು ಗಂಟಲಲ್ಲಿ ಇಳಿಯೋದೇ ಇಲ್ಲ. ಮನೇಲಿ ಯಾರೂ ಜೊತೆಗೆ ಕೂರಲ್ಲ. ಇನ್ನು ನೀನಿದ್ದೀಯಲ್ಲ. ಪೂರ್ವದ ಜಗುಲೀಲಿ ಎರಡು ಚಾಪೆ ಹಾಕಿಸ್ತೀನಿ. ಮೂರು ಹೊತ್ತೂ ಎದುರುಬದುರು ಕೂತ್ಕೊಂಡು, ಮಾತಾಡ್ಕೊಂಡು, ನಿಧಾನವಾಗಿ ಉಣ್ಣೋಣ."

ವಿದರ್ಸ ತುಟಿ ತೆರೆಯದೆ ನಕ್ಕ. ಈ ಸಲ ಅದು ಚೆನ್ನಾಗಿಯೇ ಬಂತು.